ಕತ್ತಾಳೆ, ನಿಂಬೆ, ಉಪ್ಪು: ಒಂದು ಲೋಟದೊಳಗಿನ ಚರಿತ್ರೆ



ಕಳೆದ ವಾರ ಎಂಟನೇ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದೆವು. ಕೊಲಂಬಸ್ ಹೋದ ದಾರಿಯನ್ನು ಗೋಡೆಯ ನಕಾಶೆಯ ಮೇಲೆ ತೋರಿಸುವಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮ ಅಣ್ಣನ ಫೋನಿನಾಗ ಒಂದು ವಿಡಿಯೋ ನೋಡೀನ್ರಿ. ಮಾರ್ಗರಿಟಾ ಅಂತ್ರಿ. ಮನ್ಯಾಗೇ ಮಾಡಬಹುದಂತ. ನಿಂಬಿಹಣ್ಣು, ಉಪ್ಪು, ಮತ್ತ ಕತ್ತಾಳಿಯಿಂದ ತೆಗೆದದ್ದು ಒಂದು. ಮೂರೂ ನಮ್ಮೂರಾಗ ಅದಾವಲ್ರಿ. ಅದು ಸರಬತ್ತೇನ್ರಿ?" ಎಂದು ಕೇಳಿದ.

ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಆ ಹುಡುಗನ ಮನೆಯನ್ನು ನಾವು ಬಲ್ಲೆವು. ಕುಡಿತ ಆ ಮನೆಯಿಂದ ಏನೇನು ಒಯ್ದಿದೆ ಎಂಬುದೂ ಗೊತ್ತು. ಗದರಿಸಿ ಕೂಡಿಸುವುದು ಸುಲಭವಿತ್ತು. ಆದರೆ ಅವನು ಕೇಳಿದ್ದು ನಿಜವಾಗಿಯೂ ಚರಿತ್ರೆಯ ಪ್ರಶ್ನೆ. "ನಾಳೆ ಹೇಳುತ್ತೇವೆ, ಕೂಡ್ರು" ಎಂದು ಹೇಳಿ ಮನೆಗೆ ಬಂದು ತಯಾರಿ ಮಾಡಿಕೊಂಡೆವು. ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಏನಿದು ಮಾರ್ಗರಿಟಾ?

ಇದು ಸರಬತ್ತಲ್ಲ, ಮದ್ಯ. ಮೆಕ್ಸಿಕೋ ದೇಶದ ಟಕೀಲಾ ಎಂಬ ಮದ್ಯ 50 ಮಿಲಿ ಲೀಟರ್, ಕಿತ್ತಳೆ ಸಿಪ್ಪೆಯ ವಾಸನೆಯ ಸಿಹಿ ಮದ್ಯ 20 ಮಿಲಿ ಲೀಟರ್, ನಿಂಬೆರಸ 15 ಮಿಲಿ ಲೀಟರ್. ಇವನ್ನು ಮಂಜುಗಡ್ಡೆಯೊಂದಿಗೆ ಕುಲುಕಿ, ಅಂಚಿಗೆ ಉಪ್ಪು ಹಚ್ಚಿದ ಗಾಜಿನ ಲೋಟಕ್ಕೆ ಸೋಸಿದರೆ ಮುಗಿಯಿತು. ಮಾಡುವ ಕ್ರಮ ಎರಡು ಸಾಲಿನದು, ಹಿಂದಿರುವ ಚರಿತ್ರೆ ಮಾತ್ರ ಐದು ನೂರು ವರ್ಷಗಳದು.

ಇದನ್ನು ಮೊದಲು ಮಾಡಿದವರು ಯಾರು? 1938ರಲ್ಲಿ ತಿಹುವಾನಾ ಪಟ್ಟಣದ ಹತ್ತಿರ ತಾನು ಮಾಡಿದೆ ಎಂದು ಕಾರ್ಲೋಸ್ ಹೆರೇರಾ ಎಂಬ ಹೋಟೆಲಿನವನು ಹೇಳಿಕೊಂಡ. 1948ರಲ್ಲಿ ಅಕಾಪುಲ್ಕೋದ ತನ್ನ ಮನೆಯ ಔತಣದಲ್ಲಿ ತಾನು ಮಾಡಿದೆ ಎಂದು ಮಾರ್ಗರೆಟ್ ಸೇಮ್ಸ್ ಎಂಬ ಶ್ರೀಮಂತ ಹೆಂಗಸು ಹೇಳಿಕೊಂಡಳು. ಆದರೆ 1937ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಇದೇ ಮೂರು ಪದಾರ್ಥಗಳ ಪಾನೀಯ 'ಪಿಕಡಾರ್' ಎಂಬ ಬೇರೆ ಹೆಸರಿನಲ್ಲಿ ಇದೆ! 1953ರ ಡಿಸೆಂಬರಿನಲ್ಲಿ ಅಮೆರಿಕದ 'ಎಸ್ಕ್ವೈರ್' ಪತ್ರಿಕೆ ಮಾರ್ಗರಿಟಾ ಹೆಸರಿನಲ್ಲೇ ಇದನ್ನು ಅಚ್ಚು ಹಾಕಿತು. ಸ್ಪ್ಯಾನಿಷ್ ಭಾಷೆಯಲ್ಲಿ ಮಾರ್ಗರಿಟಾ ಎಂದರೆ ಡೇಸಿ ಹೂವು. ಅಮೆರಿಕದಲ್ಲಿ ಇದಕ್ಕೂ ಮೊದಲೇ ಡೇಸಿ ಎಂಬ ಹೆಸರಿನ ನಿಂಬೆರಸದ ಮದ್ಯಗಳು ಇದ್ದವು. ಆ ಹೆಸರೇ ಭಾಷಾಂತರವಾಗಿರಬೇಕು ಎಂದು ಅನೇಕರ ಅಭಿಪ್ರಾಯ. ಮಕ್ಕಳಿಗೆ ನಾವು ಹೇಳಿದ್ದು ಇಷ್ಟೇ: "ನಾನೇ ಮೊದಲು" ಎನ್ನುವವರ ಮಾತು ಕೇಳಿರಿ, ಆದರೆ ಅಚ್ಚಾದ ಕಾಗದದ ತಾರೀಖು ನೋಡಿರಿ.

ಬಂದದ್ದು ಕತ್ತಾಳೆ, ಹೋದದ್ದು ನಿಂಬೆ

ಈಗ ಹುಡುಗನ ಮುಖ್ಯ ಮಾತಿಗೆ ಬರೋಣ. ಹೌದು, ಟಕೀಲಾ ಕತ್ತಾಳೆಯ ಜಾತಿಯ ಗಿಡದಿಂದಲೇ ಆಗುತ್ತದೆ. ಕತ್ತಾಳೆ ನಮ್ಮ ದೇಶದ್ದಲ್ಲ. ಅದರ ತವರು ಮೆಕ್ಸಿಕೋ ಸೀಮೆ. ಯುರೋಪಿನವರ ಹಡಗುಗಳು ಅಮೆರಿಕಕ್ಕೆ ಹೋಗಿ ಬರಲು ಹತ್ತಿದ ಮೇಲೆ ಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳ ಹೇಗೆ ಬಂದವೋ ಇದೂ ಹಾಗೆಯೇ ಬಂದಿತು. ಬ್ರಿಟಿಷರ ಕಾಲದಲ್ಲಿ ದನಕರು ಒಳಗೆ ಬಾರದಂತೆ ರೈಲು ಹಳಿಯ ಉದ್ದಕ್ಕೂ ಕತ್ತಾಳೆಯನ್ನು ಬೇಲಿಯಾಗಿ ನೆಟ್ಟರು. ನಮ್ಮ ಕೃಷ್ಣಾ ಸ್ಟೇಷನ್ನಿನ ಮೇಲೆ ಹಾಯುವ ಮುಂಬಯಿ-ಮದರಾಸು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿತು.

ನಿಂಬೆಯ ಪ್ರಯಾಣ ಇದಕ್ಕೆ ತಿರುಗುಮುರುಗು. ಅದು ಏಷ್ಯಾದ ಹಣ್ಣು. ಅರಬರ ಕೈಯಿಂದ ಯುರೋಪಿಗೆ ಹೋಗಿ, 1493ರಲ್ಲಿ ಕೊಲಂಬಸನ ಎರಡನೇ ಯಾತ್ರೆಯ ಹೊತ್ತಿಗೆ ನಿಂಬೆ ಜಾತಿಯ ಬೀಜಗಳು ಅಮೆರಿಕದ ದ್ವೀಪಗಳನ್ನು ಮುಟ್ಟಿದವು. ಅಂದರೆ ಈ ಲೋಟದೊಳಗೆ ಅಲ್ಲಿನ ಗಿಡ ಮತ್ತು ನಮ್ಮ ಕಡೆಯ ಹಣ್ಣು ಎರಡೂ ಭೇಟಿಯಾಗಿವೆ.

ಇನ್ನೊಂದು ಸಂಗತಿ ನಮಗೇ ಬೆರಗು ತಂದಿತು. ಸ್ಪೇನಿನವರು ಬರುವ ಮೊದಲು ಮೆಕ್ಸಿಕೋದ ಜನ ಕತ್ತಾಳೆಯಿಂದ ಭಟ್ಟಿ ಇಳಿಸುತ್ತಿರಲಿಲ್ಲ. ಹೂವಿನ ಕಂಬ ಏಳುವ ಹೊತ್ತಿಗೆ ಗಿಡದ ನಡುವನ್ನು ಕೆತ್ತಿ, ಅಲ್ಲಿ ಒಸರುವ ಸಿಹಿನೀರನ್ನು ಕೂಡಿಹಾಕಿ ಹುಳಿ ಬರಿಸುತ್ತಿದ್ದರು. ಅದರ ಹೆಸರು ಪುಲ್ಕೆ. ಈಚಲು ಗಿಡಕ್ಕೆ ಮಡಕೆ ಕಟ್ಟಿ ಸೇಂದಿ ಇಳಿಸುವ ನಮ್ಮ ಈಡಿಗರು ಅದನ್ನು ನೋಡಿದ್ದರೆ, "ಇದು ನಮ್ಮ ಕಸುಬೇ" ಎನ್ನುತ್ತಿದ್ದರು. 1565ರ ನಂತರ ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೋಕ್ಕೆ ಹಡಗುಗಳು ನಡೆಯತೊಡಗಿದಾಗ, ಆ ಹಡಗಿನ ಏಷ್ಯಾದ ಕೂಲಿಗಳು ಕೊಲಿಮಾ ಎಂಬ ಕರಾವಳಿ ಸೀಮೆಯಲ್ಲಿ ಇಳಿದು ತೆಂಗಿನ ಮರಕ್ಕೆ ಮಡಕೆ ಕಟ್ಟಿದರು. 'ತೂಬಾ' ಎಂಬ ಆ ತೆಂಗಿನ ನೀರಾ ಇಂದಿಗೂ ಅಲ್ಲಿನ ಬೀದಿಗಳಲ್ಲಿ ಮಾರಾಟವಾಗುತ್ತದೆ. ಕತ್ತಾಳೆಯ ಭಟ್ಟಿಗೂ ಅವರ ಒಲೆಯೇ ದಾರಿ ತೋರಿಸಿತು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ.

ಟಕೀಲಾ ಎಂಬುದು ಮೆಕ್ಸಿಕೋದ ಹಲಿಸ್ಕೋ ರಾಜ್ಯದ ಒಂದು ಊರು. ಅಲ್ಲಿ ನೀಲಿ ಕತ್ತಾಳೆಯನ್ನು ಆರೇಳು ವರ್ಷ ಬೆಳೆಸಿ, ಎಲೆ ಸವರಿ, ಅನಾನಸಿನಂಥ ದೊಡ್ಡ ಗಡ್ಡೆಯನ್ನು ಬೇಯಿಸಿ, ಹಿಂಡಿ, ಹುಳಿ ಬರಿಸಿ, ಭಟ್ಟಿ ಇಳಿಸುತ್ತಾರೆ. 1795ರಲ್ಲಿ ಸ್ಪೇನಿನ ರಾಜ ಕುಯೆರ್ವೋ ಮನೆತನಕ್ಕೆ ಇದನ್ನು ಮಾಡಲು ಪರವಾನಗಿ ಕೊಟ್ಟ. 1974ರಿಂದ ಮೆಕ್ಸಿಕೋ ಈ ಹೆಸರಿಗೆ ಕಾನೂನಿನ ಕಾವಲು ಹಾಕಿದೆ. ಬೇರೆ ಕಡೆ ಮಾಡಿದ್ದನ್ನು ಟಕೀಲಾ ಎನ್ನುವಂತಿಲ್ಲ.

ನಮ್ಮ ಸೀಮೆಯಲ್ಲಿ ಕತ್ತಾಳೆ ಎಂದರೆ ಹಗ್ಗ. ಎಲೆ ಕೊಯ್ದು, ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಹೊಸೆಯುವುದನ್ನು ನಾವು ಬಾಲ್ಯದಲ್ಲಿ ಕಟ್ಟೆಯ ಮೇಲೆ ಕುಳಿತು ನೋಡಿದ್ದೇವೆ. ಅದರ ರಸ ಮೈಗೆ ತಾಗಿದರೆ ತುರಿಕೆ. ಅದನ್ನು ಕುಡಿಯಬಹುದು ಎಂದು ಯಾವ ಹಿರಿಯರೂ ಹೇಳಲಿಲ್ಲ. ಆದರೆ ದಖ್ಖಣದ ಕತ್ತಾಳೆಗೆ ಆ ಯೋಗವೂ ಬಂದಿತು! ಡೆಸ್ಮಂಡ್ ನಜರೆತ್ ಎಂಬುವರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಪರವಾನಗಿ ಪಡೆದು ಭಟ್ಟಿ ಹಾಕಿ, ಈ ಒಣ ನೆಲದ ಕತ್ತಾಳೆಯಿಂದಲೇ ಮದ್ಯ ತೆಗೆದು 2011ರಲ್ಲಿ 'ಡೆಸ್ಮಂಡ್‌ಜಿ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಇಟ್ಟರು. ಟಕೀಲಾ ಎಂದು ಕರೆಯಲಾಗದು, ಕತ್ತಾಳೆಯ ಮದ್ಯ ಎಂದಷ್ಟೇ ಕರೆಯಬಹುದು.

ಮನೆಯ ಮಡಕೆ, ದೊರೆಯ ಖಜಾನೆ

"ಮನ್ಯಾಗೇ ಮಾಡಬಹುದಂತ" ಎಂದ ಹುಡುಗನ ಮಾತಿಗೂ ಚರಿತ್ರೆ ಉಂಟು. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಪಾನೀಯಗಳ ವರ್ಣನೆ ಇದೆ. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರ ಇದ್ದಾನೆ, ಅವನ ಹೆಸರೇ ಅವನ ಕಸುಬು. ಅಂದರೆ ಕುಡಿತ ಹೊಸದಲ್ಲ. ಅದನ್ನು ಬಿಡಿಸುವ ಮಾತೂ ಹೊಸದಲ್ಲ.

ಹೊಸದು ಯಾವುದೆಂದರೆ ಆಬ್ಕಾರಿ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇಂದಿ, ಸಾರಾಯಿಗಳ ಹಣ ದೊಡ್ಡ ಆದಾಯವಾಗಿತ್ತು. 1316 ಫಸಲಿಯ, ಅಂದರೆ ಕ್ರಿ.ಶ. 1906-07ರ, ಹೈದರಾಬಾದ್ ಆಬ್ಕಾರಿ ಕಾನೂನು ಇದಕ್ಕೆ ಬಿಗಿಯಾದ ಕಟ್ಟು ಹಾಕಿತು. ಗಿಡಕ್ಕೆ ತೆರಿಗೆ, ಮಾರಾಟಕ್ಕೆ ಹರಾಜು, ಹರಾಜು ಹಿಡಿದ ಗುತ್ತೇದಾರನ ದರ್ಬಾರು. ಪರವಾನಗಿ ಇಲ್ಲದೆ ಮನೆಯಲ್ಲಿ ಮಡಕೆ ಇಟ್ಟವನು ಅಪರಾಧಿ. 1956ರಲ್ಲಿ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರದ ಮಹಬೂಬನಗರಕ್ಕೆ ಬಂದವು. ನಮ್ಮ ಭಾಷೆಯ ಊರುಗಳು ಗಡಿಯ ಈಚೆ ಉಳಿದವು. ರಾಜ್ಯ ಬದಲಾಯಿತು, ಆದರೆ ಈ ತತ್ತ್ವ ಬದಲಾಗಲಿಲ್ಲ. 1968ರ ಆಬ್ಕಾರಿ ಕಾನೂನೇ 2014ರ ನಂತರ ತೆಲಂಗಾಣಕ್ಕೂ ಬಂದಿದೆ. ಮನೆಯಲ್ಲಿ ಭಟ್ಟಿ ಇಳಿಸುವುದು ಇಂದಿಗೂ ಅಪರಾಧವೇ.

ಇಲ್ಲಿ ಒಬ್ಬ ಹುಡುಗಿ ಜಾಣತನದ ಪ್ರಶ್ನೆ ಕೇಳಿದಳು: "ಸರ್, ಗಾಂಧೀಜಿ ಉಪ್ಪು ಮಾಡಿದ್ದೂ ಅಪರಾಧನೇ ಆಗಿತ್ತಲ್ರಿ?" ನಿಜ. 1930ರಲ್ಲಿ ದಂಡಿಯಲ್ಲಿ ಹಿಡಿ ಉಪ್ಪು ಎತ್ತಿದ್ದು ಇಂಥದೇ ಇನ್ನೊಂದು ಕಾನೂನಿನ ವಿರುದ್ಧ. ಆದರೆ ಅದೇ ಗಾಂಧೀಜಿ ಹೆಂಡದಂಗಡಿಗಳ ಮುಂದೆ ಹೆಣ್ಣುಮಕ್ಕಳು ಪಿಕೆಟಿಂಗ್ ಮಾಡಬೇಕೆಂದೂ ಹೇಳಿದರು. ಉಪ್ಪಿಲ್ಲದೆ ಬದುಕಲಾಗದು, ಹೆಂಡವಿಲ್ಲದೆ ಬದುಕಬಹುದು. ಈ ವ್ಯತ್ಯಾಸ ಅವರಿಗೆ ಗೊತ್ತಿತ್ತು.

ಒಂದು ಪಾಠ ಮಾಡಿದ ಕೆಲಸ

ಶಿಕ್ಷಕರಾದ ನಾವು ಮರೆಯಬಾರದ ಘಟನೆ ಇದು. 1990ರ ಸುಮಾರಿಗೆ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆದಿತ್ತು. ರಾತ್ರಿ ಶಾಲೆಯ ಪುಸ್ತಕದಲ್ಲಿ ಸೀತಮ್ಮನ ಕಥೆ ಎಂಬ ಪಾಠ. ಗಂಡನ ಕುಡಿತದಿಂದ ಹಾಳಾದ ಮನೆಯ ಕಥೆ ಅದು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅದನ್ನು ಓದಿ, ಇದು ನಮ್ಮದೇ ಕಥೆ ಎಂದು ಎದ್ದರು. ರೋಸಮ್ಮ ಎಂಬ ತಾಯಿ ಮುಂದೆ ನಿಂತಳು. ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಬೆಂಕಿ ಜಿಲ್ಲೆಯೆಲ್ಲ ಹರಡಿತು, ಹರಾಜುಗಳು ನಿಂತವು. 1993ರ ಅಕ್ಟೋಬರ್ 1ರಿಂದ ಆಂಧ್ರಪ್ರದೇಶದಲ್ಲಿ ಸಾರಾಯಿ ಬಂದ್ ಆಯಿತು. ಎನ್.ಟಿ. ರಾಮರಾವ್ ಅವರು ಗೆದ್ದು ಬಂದು 1995ರ ಜನವರಿ 16ರಿಂದ ಪೂರ್ಣ ಪಾನನಿಷೇಧ ತಂದರು. ಅಕ್ಷರ ಕಲಿತ ಕೈಗಳು ಸರ್ಕಾರದ ಖಜಾನೆಯನ್ನೇ ಅಲುಗಿಸಿದವು!

ಆದರೆ ಗಡಿಯಲ್ಲಿರುವ ನಮಗೆ ನಿಷೇಧದ ಇನ್ನೊಂದು ಮುಖವೂ ಕಂಡಿತು. ಈಚೆ ಬಂದ್, ಆಚೆ ಚಾಲೂ. ಕರ್ನಾಟಕದಲ್ಲಿ ಪಾಕೀಟು ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಆ ನಡುವಿನ ವರ್ಷಗಳಲ್ಲಿ ಹೊಳೆ ದಾಟಿ ಹೋಗಿ ಕುಡಿದು ಬರುವವರನ್ನು, ಚೀಲದಲ್ಲಿ ಅಡಗಿಸಿ ತರುವವರನ್ನು ನಾವು ಹುಡುಗರಾಗಿ ಕಂಡಿದ್ದೇವೆ. ಊರ ಹೊರಗೆ ಗುಡುಂಬಾ ಕಾಯಿಸುವ ವಾಸನೆಯೂ ಬರುತ್ತಿತ್ತು. 1997ರಲ್ಲಿ ಪೂರ್ಣ ನಿಷೇಧ ತೆಗೆದುಹಾಕಿದರು, ಖಜಾನೆಗೆ ಹಣ ಬೇಕಾಗಿತ್ತು.

ಇನ್ನು ಸೇಂದಿಯ ಗತಿ. ಹೊಸದಾಗಿ ಇಳಿಸಿದ ನೀರಾ ಸಿಹಿನೀರು. ಕೆಲವೇ ತಾಸುಗಳಲ್ಲಿ ಹುಳಿಯೇರುತ್ತದೆ. ಇಂದು ಗಿಡಗಳು ಕಡಿಮೆ, ಕುಡಿಯುವವರು ಹೆಚ್ಚು. ಈ ಲೆಕ್ಕ ತುಂಬಿಸಲು ಕ್ಲೋರಲ್ ಹೈಡ್ರೇಟ್, ಡಯಜೆಪಾಮ್, ಅಲ್ಪ್ರಜೋಲಾಮ್ ಎಂಬ ನಿದ್ದೆಯ ಔಷಧಿಗಳು ಮಡಕೆಗೆ ಬಿದ್ದವು. 2015ರಲ್ಲಿ ಸರ್ಕಾರ ಬಿಗಿ ಮಾಡಿದಾಗ, ಆ ಔಷಧಿಗೆ ಒಗ್ಗಿದ ಜನ ನಡುಕ, ಭ್ರಮೆ ಹಿಡಿದು ಆಸ್ಪತ್ರೆಗಳಿಗೆ ಬಂದರು. ನಮ್ಮ ಮಹಬೂಬನಗರ ಜಿಲ್ಲೆಯವರೂ ಅದರಲ್ಲಿದ್ದರು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿ ಭಾಗದಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಅಜ್ಜ ಕುಡಿದದ್ದೂ ಸೇಂದಿ, ಮೊಮ್ಮಗ ಕುಡಿದದ್ದೂ ಸೇಂದಿ. ಹೆಸರು ಮಾತ್ರ ಒಂದೇ.

ಪಾಠದ ಕೊನೆ

ಇಷ್ಟನ್ನೂ ಎರಡು ಪಿರಿಯಡ್‌ಗಳಲ್ಲಿ ಹೇಳಿ ಮುಗಿಸಿದೆವು. ಆ ಹುಡುಗ ಮತ್ತೆ ಎದ್ದ. "ಸರ್, ಕುಡಿಯೋದು ಕೆಟ್ಟದ್ದು ಅಂತೀರಿ. ಮತ್ತ ಅಂಗಡಿ ಮುಂದ ಸರ್ಕಾರದ ಪರ್ಮಿಷನ್ ಬೋರ್ಡ್ ಯಾಕ್ರಿ?"

ಅದಕ್ಕೆ ನಮ್ಮ ಹತ್ತಿರ ಹಗುರವಾದ ಉತ್ತರ ಇರಲಿಲ್ಲ. ಹಲಗೆಯ ಎಡಕ್ಕೆ ಸಂವಿಧಾನದ 47ನೇ ವಿಧಿ ಎಂದು ಬರೆದೆವು. ಔಷಧಿಗೆ ಬೇಕಾದದ್ದು ಬಿಟ್ಟು, ಮತ್ತು ಬರಿಸುವ ಪಾನೀಯಗಳನ್ನು ನಿಷೇಧಿಸಲು ರಾಜ್ಯ ಯತ್ನಿಸಬೇಕು ಎಂಬುದು ಅದರ ತಾತ್ಪರ್ಯ. ಬಲಕ್ಕೆ ಆಬ್ಕಾರಿ ಆದಾಯ ಎಂದು ಬರೆದೆವು. "ರಸ್ತೆಗೆ, ಪಿಂಚಣಿಗೆ, ನಮ್ಮ ಸಂಬಳಕ್ಕೆ ಕೂಡ ಈ ಬಲಗಡೆಯ ಹಣ ಸೇರಿರುತ್ತದೆ. ಈ ಎರಡರ ಜಗಳ ಇನ್ನೂ ಮುಗಿದಿಲ್ಲ. ನೀವು ದೊಡ್ಡವರಾಗಿ ಮುಗಿಸಬೇಕು" ಎಂದೆವು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹತ್ತು ನಿಂಬೆಹಣ್ಣು, ಬೆಲ್ಲ, ಹಿಡಿ ಉಪ್ಪು ತರಿಸಿ ಬಿಂದಿಗೆ ತುಂಬ ಪಾನಕ ಮಾಡಿಸಿದೆವು. ಕಲಸಿದವನು ಅದೇ ಹುಡುಗ. ಎಲ್ಲರಿಗೂ ಹಂಚಿ, ಕೊನೆಗೆ ಒಂದು ಬಾಟಲಿಯಲ್ಲಿ ಸ್ವಲ್ಪ ಉಳಿಸಿಕೊಂಡ. ಯಾರಿಗಪ್ಪ ಎಂದು ಕೇಳಿದೆವು.

"ನಮ್ಮಪ್ಪಗ್ರಿ" ಎಂದ.