ದೇವಸ್ವರೂಪವೂ ಈಜಿಪ್ಟಿನ ಸನ್ಯಾಸಿಗಳೂ

ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂಬ ಆದಿಕಾಂಡದ ವಚನವನ್ನು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಲ್ಲನೇಕರು ಯಥಾಶ್ರುತವಾಗಿಯೇ ಗ್ರಹಿಸಿ, ದೇವರಿಗೂ ಕರಚರಣಾದಿ ಅವಯವಗಳುಂಟೆಂದು ನಂಬಿದ್ದರು. ಕ್ರಿ. ಶ. 399ರಲ್ಲಿ ಅಲೆಕ್ಸಾಂಡ್ರಿಯದ ಬಿಷಪನಾದ ಥಿಯೊಫಿಲಸನು ದೇವರು ನಿರಾಕಾರನೆಂದು ಪತ್ರಮುಖೇನ ಸಾರಿದನು. ಸ್ಕೀಟಿಸಿನ ನಾಲ್ಕು ದೇವಾಲಯಗಳಲ್ಲಿ ಮೂರರವರು ಅದನ್ನು ಓದಗೊಡಲಿಲ್ಲ.

ಅಲ್ಲಿದ್ದ ಸೆರಾಪಿಯನನೆಂಬ ವೃದ್ಧ ತಪಸ್ವಿಯು, ಫೋಟಿನಸನೆಂಬ ಪಂಡಿತನು ಆ ಸ್ವರೂಪವು ಆಧ್ಯಾತ್ಮಿಕವಾದುದೆಂದು ವಿವರಿಸಲು, ಒಪ್ಪಿಕೊಂಡನು. ಆದರೆ ಪ್ರಾರ್ಥನೆಗೆ ನಿಂತೊಡನೆ, ತನ್ನ ದೇವರನ್ನು ಕಸಿದುಕೊಂಡರೆಂದೂ ಇನ್ನಾರನ್ನು ಆರಾಧಿಸಬೇಕೋ ತಿಳಿಯದೆಂದೂ ನೆಲಕ್ಕೊರಗಿ ಗೋಳಿಟ್ಟನಂತೆ. ಇದನ್ನು ಬರೆದಿಟ್ಟ ಕ್ಯಾಸಿಯನನು ವೃದ್ಧನ ನಂಬಿಕೆಯನ್ನು ಅಜ್ಞಾನವೆಂದೆಣಿಸಿದರೂ ಆ ಕಣ್ಣೀರನ್ನು ಮರೆಮಾಡಿಲ್ಲವೆಂಬುದು ಗಮನಾರ್ಹ.

ಥಿಯೊಫಿಲಸನ ನಡತೆಯಾದರೋ ಬೇರೆ. ಅವನಿಗೆ ಸಿದ್ಧಾಂತಕ್ಕಿಂತ ಪೀಠವೇ ದೊಡ್ಡದಾಗಿದ್ದಿತು. ಸನ್ಯಾಸಿಗಳು ದಂಗೆಯೆದ್ದು ಬರಲು, ಅವರಲ್ಲಿ ದೇವರ ಮುಖವನ್ನೇ ಕಂಡೆನೆಂದು ಓಲೈಸಿ, ಮರುವರ್ಷವೇ ನಿರಾಕಾರವಾದಿಗಳನ್ನು ನೈಟ್ರಿಯದಿಂದ ಅಟ್ಟಿದನು.