ಬಾತುಕೋಳಿಯ ಸಹಜ ವೈರಾಣುರೋಧ: ವಂಶವಾಹಿಗಳ ಸಾಕ್ಷ್ಯವೂ ಬಯಲುಸೀಮೆಯ ಕೆರೆಗಳೂ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ಮಳೆ ಕೈಹಿಡಿದ ವರ್ಷ ಕೆರೆಗಳು ತುಂಬಿ, ಚಳಿಗಾಲಕ್ಕೆ ಉತ್ತರದಿಂದ ಬರುವ ಕಾಡುಬಾತುಗಳು ಊರ ನಾಟಿ ಕೋಳಿಗಳು ನೀರು ಕುಡಿಯುವ ಅಂಚಿನಲ್ಲಿಯೇ ಇಳಿಯುವುದುಂಟಾದ್ದರಿಂದ, ಒಂದೇ ಹಕ್ಕಿಜ್ವರದ ವೈರಾಣು ಕೋಳಿಯನ್ನು ಕೊಂದು ಬಾತನ್ನು ಬಹುಮಟ್ಟಿಗೆ ಉಳಿಸುವುದೇಕೆಂಬ ಪ್ರಶ್ನೆಯು ಪ್ರಯೋಗಶಾಲೆಗೆ ಮಾತ್ರ ಸೇರಿದುದಲ್ಲ.

ವೈರಾಣು ಹೊಕ್ಕುದನ್ನು ನೆರೆಯ ಜೀವಕೋಶಗಳಿಗೆ ಸಾರುವ ಇಂಟರ್‌ಫೆರಾನ್ ಎಂಬ ದ್ರವ್ಯವನ್ನು 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಲಂಡನ್ನಿನಲ್ಲಿ ಕಂಡುಹಿಡಿದುದು ಕೋಳಿಮೊಟ್ಟೆಯ ಭ್ರೂಣಪೊರೆಯಲ್ಲಿಯೇ. ಆದರೆ ಹಾಗೆ ಸಾರುವುದಕ್ಕೆ ಮುನ್ನ ವೈರಾಣುವನ್ನು ಗುರುತಿಸಬೇಕಾದ ವಂಶವಾಹಿಗಳಲ್ಲೊಂದು ಆ ಕೋಳಿಯಲ್ಲೇ ಇಲ್ಲವೆಂಬುದು ಸ್ಪಷ್ಟವಾಗಲು ಅರ್ಧಶತಮಾನ ಬೇಕಾಯಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಕ್ಯಾಥರೀನ್ ಮೇಗರ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಶೋಧನೆಯಂತೆ, ವೈರಾಣುವಿನ ಆರ್‌ಎನ್‌ಎಯನ್ನು ಜೀವಕೋಶದ್ರವದಲ್ಲಿ ಗುರುತಿಸುವ ರಿಗ್-ಐ ಎಂಬ ವಂಶವಾಹಿ ಬಾತಿನಲ್ಲಿದೆ, ಕೋಳಿಯಲ್ಲಿ ಕಾಣದು. ಬಾತಿನ ರಿಗ್-ಐಯನ್ನು ಕೋಳಿಯ ಜೀವಕೋಶಗಳಿಗೆ ಸೇರಿಸಿದೊಡನೆ ಅವುಗಳಲ್ಲಿ ವೈರಾಣುರೋಧಕ ವಂಶವಾಹಿಗಳು ಜಾಗೃತವಾಗಿ, ಹಕ್ಕಿಜ್ವರಕ್ಕೆ ಕಾರಣವಾದ ಇನ್‌ಫ್ಲುಯೆನ್ಜಾ ವೈರಾಣುವಿನ ವೃದ್ಧಿ ತಗ್ಗಿತು. ರಿಗ್-ಐ ನೀಡಿದ ಸೂಚನೆ ಮ್ಯಾವ್ಸ್ ಎಂಬ ಪ್ರೋಟೀನಿನ ಮೂಲಕ ಸಾಗಿ, ಸಸ್ತನಿಗಳಲ್ಲಿರುವ ಐಆರ್‌ಎಫ್-3 ಎಂಬ ಪ್ರೋಟೀನು ಪಕ್ಷಿಗಳಲ್ಲಿ ಇಲ್ಲದ ಕಾರಣ, ಐಆರ್‌ಎಫ್-7ರ ದ್ವಾರಾ ಇಂಟರ್‌ಫೆರಾನನ್ನು ಹೊರಡಿಸುತ್ತದೆ.

ಹಾಗೆಂದು ಸಕಲ ಯಶಸ್ಸನ್ನೂ ಒಂದೇ ವಂಶವಾಹಿಗೆ ಕಟ್ಟುವುದು ಸಲ್ಲದು. ಕೋಳಿಯಲ್ಲಿ ಎಂಡಿಎ-5 ಎಂಬ, ವೈರಾಣುವನ್ನು ಗುರುತಿಸುವ ಮತ್ತೊಂದು ವಂಶವಾಹಿ ರಿಗ್-ಐಯ ಕೊರತೆಯನ್ನು ಕಿಂಚಿತ್ ತುಂಬುತ್ತದೆ. ಇಲಿಯಲ್ಲಿ ಇನ್‌ಫ್ಲುಯೆನ್ಜಾವನ್ನು ತಡೆಯುವುದೆಂದು ಪ್ರಸಿದ್ಧವಾದ ಎಂಎಕ್ಸ್ ಪ್ರೋಟೀನು ಬಾತಿನಲ್ಲಿದ್ದರೂ ಅಂಥ ರಕ್ಷಣೆ ಕೊಡಲಿಲ್ಲವೆಂದು 1993ರಷ್ಟು ಹಿಂದೆಯೇ ಕಂಡುಬಂದಿತು. 2002ರಲ್ಲಿ ಹಾಂಗ್‌ಕಾಂಗಿನ ಉದ್ಯಾನಗಳಲ್ಲಿ ಎಚ್‌5ಎನ್‌1 ಎಂಬ ಹಕ್ಕಿಜ್ವರದ ವೈರಾಣು ರಿಗ್-ಐ ಉಳ್ಳ ಬಾತುಗಳನ್ನೂ ಬಲಿತೆಗೆದುಕೊಂಡಿತು.

ನನ್ನ ಮತದಲ್ಲಿ ಇವೆಲ್ಲಕ್ಕಿಂತ ಗುರುತರವಾದ ಸಂಗತಿ ಬೇರೆ: ಬಾತಿನ ರೋಧಶಕ್ತಿ ಬಾತನ್ನು ರಕ್ಷಿಸುತ್ತದೆಯೇ ಹೊರತು ಕೆರೆಯನ್ನಲ್ಲ. ರೋಗಲಕ್ಷಣ ತೋರದ ಬಾತಿನ ಕರುಳಿನಲ್ಲಿ ವೈರಾಣು ಬೆಳೆದು, ಹಿಕ್ಕೆಯೊಡನೆ ನೀರಿಗಿಳಿದು, ತಣ್ಣೀರಿನಲ್ಲಿ ಬಹುದಿನ ಜೀವಿಸಬಲ್ಲುದು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರೀಯ ಕುಕ್ಕುಟಾಭಿವೃದ್ಧಿ ಸಂಸ್ಥೆಯಲ್ಲಿ ಎಚ್‌5ಎನ್‌1 ಬೆಳಕಿಗೆ ಬಂದುದು ಟರ್ಕಿ ಕೋಳಿಗಳು ಸತ್ತ ಬಳಿಕ. ಆವರಣದ ಇತರ ಪಕ್ಷಿಗಳನ್ನೂ ಕೊಲ್ಲಬೇಕಾಯಿತು. ಹೀಗೆ ಸತ್ತ ಹಕ್ಕಿಯನ್ನೇ ನೆಚ್ಚಿ ಕೂತ ಕಾವಲು, ಸಾಯದೆಯೇ ವೈರಾಣು ಹರಡಬಲ್ಲ ಬಾತಿನ ವಿಷಯದಲ್ಲಿ ತಡವಾಗಿಯೇ ಎಚ್ಚೆತ್ತೀತು.

ಇದರಿಂದ ಹಕ್ಕಿಗಳ ಮೇಲೆ ದ್ವೇಷ ಹುಟ್ಟಬಾರದು. ಸಿರಾ ತಾಲ್ಲೂಕಿನ ಕಗ್ಗಲಡುವಿನ ಜನ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ಊರ ಅತಿಥಿಗಳಂತೆ ಕಾಯುತ್ತಿರುವುದು ಸ್ತುತ್ಯವೇ ಸರಿ. ಈ ನಾಲ್ಕು ತಾಲ್ಲೂಕುಗಳ ರೈತರು ಬಾತುಗಳನ್ನೂ ಕೋಳಿಗಳನ್ನೂ ಒಂದೇ ಗೂಡಿನಲ್ಲಿ ಕೂಡಿಹಾಕದಿರಲಿ, ವಲಸೆಹಕ್ಕಿ ಇಳಿದ ಕೆರೆಯ ನೀರನ್ನು ಕೋಳಿಗೆ ಕುಡಿಸದಿರಲಿ. ಪಶುವೈದ್ಯ ಇಲಾಖೆಯು ಪ್ರತಿ ಚಳಿಗಾಲದಲ್ಲಿಯೂ ಆರೋಗ್ಯವಂತ ಬಾತುಗಳ ಹಿಕ್ಕೆಯನ್ನೂ ಕೆರೆನೀರನ್ನೂ ಪರೀಕ್ಷೆಗೆ ಕಳುಹಿಸಲಿ.