ತಂತಿಯೇ ತಂದ ಲೆಕ್ಕ: ವಿದ್ಯುತ್ ಮಾರ್ಗದಲ್ಲಿ ಮೀಟರ್ ಓದಿದ ಚರಿತ್ರೆ

ಕರೆಂಟು ಹರಿಯುವ ತಂತಿಯಲ್ಲೇ ಅದರ ಲೆಕ್ಕವೂ ಹರಿದು ಬರಲಿ ಎಂಬ ಯೋಚನೆ ಹೊಸದಲ್ಲ. 1897ರಲ್ಲೇ ಜೋಸೆಫ್ ರೂಟಿನ್ ಮತ್ತು ಸಿ.ಇ.ಎಲ್. ಬ್ರೌನ್ ಎಂಬಿಬ್ಬರು ವಿದ್ಯುತ್ ತಂತಿಯ ಮೂಲಕ ಸಂಕೇತ ಕಳಿಸುವ ಮೀಟರಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದಿದ್ದರು. ಆದರೆ ಒಂದು ಇಡೀ ದೇಶದ ಮನೆಮನೆಯ ಮೀಟರು ಈ ದಾರಿಯಲ್ಲಿ ಉತ್ತರ ಕೊಡುವ ಹೊತ್ತಿಗೆ ನೂರು ವರ್ಷ ದಾಟಿತ್ತು. ಎಲೆಕ್ಟ್ರಾನಿಕ್ಸ್ ಬೆಳೆಯಬೇಕಿತ್ತು, ನಿಜ. ಆದರೆ ತಡಕ್ಕೆ ಅದೊಂದೇ ಕಾರಣವಲ್ಲ. ತಂತಿಯಿಂದ ಎಷ್ಟು ನಿರೀಕ್ಷಿಸಬೇಕು, ಎಷ್ಟು ದೂರದವರೆಗೆ ನಿರೀಕ್ಷಿಸಬೇಕು ಎಂಬುದು ತಿಳಿಯಲು ಹಿಡಿದ ಕಾಲ ಅದು ಎಂಬುದು ಈ ಲೇಖನದ ವಾದ.

ಮೊದಲು ಪಳಗಿದ್ದು ಹೈಟೆನ್ಷನ್ ಮಾರ್ಗ. 1920ರ ದಶಕದ ಹೊತ್ತಿಗೆ ದೂರದ ವಿದ್ಯುತ್ ಕೇಂದ್ರಗಳು ತಮ್ಮ ಮಾರ್ಗದ ಮೇಲೆಯೇ ಟೆಲಿಫೋನ್ ಮಾತು ಕಳಿಸತೊಡಗಿದ್ದವು. ಈ ವಿದ್ಯೆ ಕರ್ನಾಟಕದ ಸಬ್‌ಸ್ಟೇಷನ್‌ಗಳಲ್ಲೂ ದಶಕಗಳ ಕಾಲ ದುಡಿದಿದೆ. 220 ಕೆ.ವಿ. ಮಾರ್ಗ ಯಾರ್ಡಿಗೆ ಇಳಿಯುವ ಜಾಗದಲ್ಲಿ ತಲೆಯೆತ್ತಿ ನೋಡಿದರೆ ಡ್ರಮ್ಮಿನಾಕಾರದ ಸುರುಳಿಯೊಂದು ಕಾಣುತ್ತದೆ. ಅದೇ ವೇವ್ ಟ್ರ್ಯಾಪ್. 50 ಹರ್ಟ್ಝ್ ವಿದ್ಯುತ್ತನ್ನು ಅದು ನಿರಾತಂಕವಾಗಿ ಬಿಡುತ್ತದೆ; ಮಾತು ಹೊತ್ತ ಹೆಚ್ಚಿನ ಆವರ್ತನದ ಅಲೆಯನ್ನು ಯಾರ್ಡಿನೊಳಗೆ ಸೋರದಂತೆ ತಡೆದು ನಿಲ್ಲಿಸುತ್ತದೆ. ಪಕ್ಕದ ಕಪ್ಲಿಂಗ್ ಕೆಪ್ಯಾಸಿಟರ್ ಆ ಅಲೆಯನ್ನು ಕೆಳಗಿಳಿಸಿ ಉಪಕರಣದ ಕೋಣೆಗೆ ಒಯ್ಯುತ್ತದೆ. ಬಹಳ ಕಡೆ ಮೂರು ಫೇಸಿನಲ್ಲಿ ಒಂದಕ್ಕೋ ಎರಡಕ್ಕೋ ಮಾತ್ರ ಈ ಡ್ರಮ್ಮು ಇರುತ್ತದೆ, ಸಂಕೇತ ಹೋಗುವುದು ಆ ಫೇಸಿನಲ್ಲೇ. ಎರಡು ತುದಿಯ ನಡುವೆ ಕವಲು ಕಡಿಮೆಯಿದ್ದುದರಿಂದ ಇಲ್ಲಿ ಗೆಲುವು ಸುಲಭವಾಯಿತು.

ಊರೊಳಗಿನ ಜಾಲಕ್ಕೆ ಯುರೋಪು ಕಂಡುಕೊಂಡ ದಾರಿ 1930ರ ದಶಕದ ರಿಪಲ್ ಕಂಟ್ರೋಲ್. ನೂರರಿಂದ ಮೂರು ಸಾವಿರ ಹರ್ಟ್ಝ್ ಒಳಗಿನ ಸಂಕೇತವನ್ನು ಸಬ್‌ಸ್ಟೇಷನ್ನಿನಿಂದ ಜಾಲಕ್ಕೆ ತುಂಬಿ ಬೀದಿದೀಪ, ನೀರು ಕಾಯಿಸುವ ಹೀಟರ್, ರಾತ್ರಿ ದರದ ಸ್ವಿಚ್ಚುಗಳನ್ನು ನಡೆಸುತ್ತಿದ್ದರು. ಇಷ್ಟು ಕೆಳಗಿನ ಆವರ್ತನವಾದ್ದರಿಂದ ಸಂಕೇತ ಟ್ರಾನ್ಸ್‌ಫಾರ್ಮರನ್ನೂ ದಾಟುತ್ತಿತ್ತು. ಅದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ: ದೊಡ್ಡ ಜಾಲಕ್ಕೆ ನೂರಾರು ಕಿಲೋವ್ಯಾಟ್ ಸಾಮರ್ಥ್ಯದ ಪ್ರೇಷಕ ಬೇಕಾಗುತ್ತಿತ್ತು. ಆಜ್ಞೆ ಮೇಲಿನಿಂದ ಕೆಳಕ್ಕೆ ಹೋಗುತ್ತಿತ್ತು, ಮನೆಯಿಂದ ಮರುತ್ತರ ಬರುವಂತಿರಲಿಲ್ಲ. ಮೀಟರ್ ಓದುವುದೆಂದರೆ ಮರುತ್ತರವೇ ತಾನೆ?

ಮನೆಯಿಂದ ಹೊರಟ ಸಂಕೇತಕ್ಕೆ ಎದುರಾಗುವ ಕಷ್ಟ ಬೇರೆಯೇ. ಅಲ್ಲಿನ ತಂತಿ ಹತ್ತಾರು ಕವಲೊಡೆದಿರುತ್ತದೆ. ಪ್ರತಿ ಮನೆಯ ಟಿ.ವಿ., ಚಾರ್ಜರ್, ಮಿಕ್ಸಿ ಅದರೊಳಗೆ ಗದ್ದಲ ಸುರಿಯುತ್ತವೆ. ಮಧ್ಯಾಹ್ನ ಚೆನ್ನಾಗಿ ಕೇಳಿಸಿದ ಮೀಟರು ಸಂಜೆ ದೀಪ ಹತ್ತಿದೊಡನೆ ಮೌನವಾಗಬಹುದು. ಇಂಥ ಸಂಕೇತಕ್ಕೆ ಬಳಸುವ ಹತ್ತಾರು ಕಿಲೋಹರ್ಟ್ಝ್ ಅಲೆಗೆ ಟ್ರಾನ್ಸ್‌ಫಾರ್ಮರು ಗೋಡೆಯಿದ್ದಂತೆ. 1991ರಲ್ಲಿ ಬಂದ ಯುರೋಪಿನ ಇಎನ್ 50065 ಮಾನಕ 95 ಕಿಲೋಹರ್ಟ್ಝ್‌ವರೆಗಿನ ಪಟ್ಟಿಯನ್ನು ವಿದ್ಯುತ್ ಕಂಪನಿಗಳಿಗೇ ಮೀಸಲಿಟ್ಟಿತು. ಹೆಸರು ಸದ್ದು ಮಾಡದಿದ್ದರೂ ಮುಂದಿನದಕ್ಕೆಲ್ಲ ಇದೇ ಬುನಾದಿ ಎಂದು ನನ್ನ ಎಣಿಕೆ.

ಅಷ್ಟರಲ್ಲಿ ವೇಗದ ಆಸೆ ಹುಟ್ಟಿತು. 1997ರಲ್ಲಿ ಇಂಗ್ಲೆಂಡಿನ ನಾರ್‌ವೆಬ್ ಮತ್ತು ಕೆನಡಾದ ನಾರ್ಟೆಲ್ ಸೇರಿ ಮ್ಯಾಂಚೆಸ್ಟರಿನಲ್ಲಿ ಕರೆಂಟಿನ ತಂತಿಯಲ್ಲೇ ಸೆಕೆಂಡಿಗೆ ಒಂದು ಮೆಗಾಬಿಟ್ ಇಂಟರ್ನೆಟ್ ಕೊಡುವುದಾಗಿ ಸಾರಿದವು. ಮೆಗಾಹರ್ಟ್ಝ್ ಅಲೆಗೆ ಬೀದಿದೀಪದ ಕಂಬಗಳೇ ಆಂಟೆನಾಗಳಾಗಿ ರೇಡಿಯೊ ಬಳಕೆದಾರರಿಗೆ ತೊಂದರೆಯಾಯಿತು. 1999ರಲ್ಲಿ ಯೋಜನೆ ನಿಂತಿತು.

ಗೆದ್ದವರು ನಿಧಾನವನ್ನು ಒಪ್ಪಿಕೊಂಡವರು. ಇಟಲಿಯ ಎನೆಲ್ ಕಂಪನಿ 2001ರಲ್ಲಿ ಟೆಲೆಜೆಸ್ಟೋರೆ ಯೋಜನೆ ಕೈಗೆತ್ತಿಕೊಂಡು, ಸುಮಾರು 210 ಕೋಟಿ ಯೂರೋ ಖರ್ಚಿನಲ್ಲಿ, ಐದಾರು ವರ್ಷಗಳೊಳಗೆ 3 ಕೋಟಿಯಷ್ಟು ಮೀಟರುಗಳನ್ನು ಅಳವಡಿಸಿತು. ತಂತಿಗೆ ಹೊರಿಸಿದ ಹೊರೆ ಸಣ್ಣದು: ಸೆಕೆಂಡಿಗೆ ಕೆಲವು ಸಾವಿರ ಬಿಟ್, ಅದೂ ಮನೆಯಿಂದ ಹತ್ತಿರದ ಟ್ರಾನ್ಸ್‌ಫಾರ್ಮರಿನವರೆಗೆ ಮಾತ್ರ. ಅಲ್ಲಿ ಕೂತ ಕಾನ್ಸನ್‌ಟ್ರೇಟರ್ ಎಂಬ ಪೆಟ್ಟಿಗೆ ಸುತ್ತಲಿನ ಮೀಟರುಗಳ ಲೆಕ್ಕ ಕೂಡಿಸಿಕೊಂಡು ಮೊಬೈಲ್ ಜಾಲದ ಮೂಲಕ ಕೇಂದ್ರಕ್ಕೆ ಕಳಿಸುತ್ತದೆ. ದೂರದ ಮೀಟರಿನ ದನಿ ಕ್ಷೀಣಿಸಿದರೆ ನಡುವಿನ ಮೀಟರು ಅದನ್ನು ಕೇಳಿ ಮುಂದಕ್ಕೆ ದಾಟಿಸುತ್ತದೆ. ಗೋಡೆಯನ್ನು ಒಡೆಯುವ ಬದಲು ಗೋಡೆಯ ಬುಡದಲ್ಲೇ ಸಂಕೇತವನ್ನು ಇಳಿಸಿಕೊಂಡದ್ದು ಇಲ್ಲಿನ ಜಾಣತನ.

ಇಟಲಿಗೇ ಈ ಆತುರ ಯಾಕೆ ಬಂತು? ಓದುವ ಕೂಲಿ ಉಳಿಸುವುದು ಒಂದು ಭಾಗವಷ್ಟೇ. ಅಲ್ಲಿನ ಬಹುಪಾಲು ಮನೆಗಳ ಒಪ್ಪಂದದ ಬಳಕೆ ಮಿತಿ 3 ಕಿಲೋವ್ಯಾಟ್. ಅದನ್ನು ಏರಿಸಲು, ಇಳಿಸಲು, ಬಿಲ್ಲು ಕಟ್ಟದವರ ಸಂಪರ್ಕ ಕಡಿಯಲು ಪ್ರತಿಸಲವೂ ಲೈನ್‌ಮನ್ ಹೋಗಬೇಕಿತ್ತು. ಹೊಸ ಮೀಟರು ಬಂದ ಮೇಲೆ, ಬಾಕಿ ಉಳಿಸಿಕೊಂಡ ಮನೆಯ ಮಿತಿಯನ್ನು ದೂರದಿಂದಲೇ ಶೇ. 15ಕ್ಕೆ ಇಳಿಸುವುದು ಸಾಧ್ಯವಾಯಿತು. ಅಂದರೆ 450 ವ್ಯಾಟ್: ದೀಪ, ಫ್ರಿಜ್ಜು ನಡೆಯುತ್ತವೆ, ವಾಷಿಂಗ್ ಮೆಷಿನ್ ನಡೆಯದು. ಕತ್ತಲಿಗೆ ನೂಕುವ ಮೊದಲು ಸಿಗುವ ಈ ಕಾಲಾವಕಾಶ ನನಗೆ ಇಡೀ ತಂತ್ರಜ್ಞಾನದ ಅತ್ಯಂತ ಮಾನವೀಯ ಉಪಯೋಗವಾಗಿ ಕಾಣುತ್ತದೆ.

ಫ್ರಾನ್ಸ್ ಇದೇ ಹಾದಿಯನ್ನು ಗಟ್ಟಿ ಮಾಡಿತು. ಅಲ್ಲಿನ ಲಿಂಕಿ ಮೀಟರುಗಳಿಗೆ ಬಳಕೆಯಾದ ಜಿ3 ವಿಧಾನ ಒಂದೇ ಸಂದೇಶವನ್ನು ಸುಮಾರು 36ರಿಂದ 91 ಕಿಲೋಹರ್ಟ್ಝ್ ನಡುವಿನ ಹಲವು ಸಣ್ಣ ಅಲೆಗಳಿಗೆ ಹಂಚುತ್ತದೆ. ಗದ್ದಲ ಒಂದೆರಡನ್ನು ನುಂಗಿದರೂ ಉಳಿದವು ಮುಟ್ಟುತ್ತವೆ. 2015ರ ಕೊನೆಯಿಂದ 2021ರೊಳಗೆ 3 ಕೋಟಿಗೂ ಹೆಚ್ಚು ಮನೆಗಳಿಗೆ ಇವು ಬಂದವು.

ಅಮೆರಿಕದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಒಂದು ಟ್ರಾನ್ಸ್‌ಫಾರ್ಮರಿಗೆ ಬೆರಳೆಣಿಕೆಯಷ್ಟೇ ಮನೆಗಳು. ಪ್ರತಿಯೊಂದಕ್ಕೂ ಪೆಟ್ಟಿಗೆ ಇಡುವುದು ದುಬಾರಿ. ಯುರೋಪಿನಲ್ಲಾದರೆ ನೂರಾರು ಮನೆಗಳಿಗೆ ಒಂದೇ ಪೆಟ್ಟಿಗೆ ಸಾಕಾಗಬಹುದು.

ನಮ್ಮ ಪಟ್ಟಣಗಳ ಟ್ರಾನ್ಸ್‌ಫಾರ್ಮರುಗಳು, ಅಂದರೆ ಟಿ.ಸಿ.ಗಳು, ಯುರೋಪಿನ ಮಾದರಿಗೇ ಹತ್ತಿರ. 2015ರ ಐಎಸ್ 16444 ಮಾನಕ ವಿದ್ಯುತ್ ತಂತಿಯ ಸಂಪರ್ಕಕ್ಕೂ ಅವಕಾಶ ಕೊಟ್ಟಿದೆ. ಆದರೂ ಭಾರತದ ಸ್ಮಾರ್ಟ್ ಮೀಟರುಗಳು ಹೆಚ್ಚಾಗಿ ರೇಡಿಯೊ ಅಥವಾ ಮೊಬೈಲ್ ಜಾಲವನ್ನೇ ನೆಚ್ಚಿವೆ. ಹಳ್ಳಿಯ ಮಟ್ಟಿಗೆ ಅದು ಸರಿಯಾದ ಆಯ್ಕೆ. ಸಡಿಲ ಜಂಪರ್, ತೇಪೆ ಹಾಕಿದ ತಂತಿಗಳ ಜೊತೆಗೆ ಪಂಪ್‌ಸೆಟ್ಟಿಗೆ ಕಟ್ಟುವ ಕೆಪ್ಯಾಸಿಟರ್ ಹೆಚ್ಚಿನ ಆವರ್ತನದ ಸಂಕೇತವನ್ನು ಬಹುಪಾಲು ತಾನೇ ಹೀರಿಕೊಳ್ಳುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಾತು ಹಾಗಲ್ಲ. ಅಲ್ಲಿ ಬಹಳ ಕಡೆ ಮೀಟರುಗಳೆಲ್ಲ ನೆಲಮಾಳಿಗೆಯ ಒಂದೇ ಫಲಕದಲ್ಲಿ ಸಾಲಾಗಿರುತ್ತವೆ, ಟಿ.ಸಿ. ಆವರಣದಲ್ಲೇ ಇರುತ್ತದೆ, ಮೊಬೈಲ್ ಸಿಗ್ನಲ್ ಮಾತ್ರ ಕೆಳಗಿಳಿಯುವುದಿಲ್ಲ. ಇಟಲಿಯ ಪಾಠ ಅಲ್ಲಿಗೆ ನೇರವಾಗಿ ಹೊಂದುತ್ತದೆ, ರೇಡಿಯೊ ಮತ್ತು ತಂತಿ ಎರಡನ್ನೂ ಒಂದೇ ಮೀಟರಿನಲ್ಲಿ ಕೂಡಿಸುವ ಜಿ3 ಹೈಬ್ರಿಡ್ ಉಪಕರಣಗಳೂ ಈಗ ಬಂದಿವೆ. ಟೆಂಡರು ಬರೆಯುವವರು ಊರಿಗೆಲ್ಲ ಒಂದೇ ಸಂಪರ್ಕ ವಿಧಾನವನ್ನು ಗೊತ್ತುಮಾಡದೆ, ಕಟ್ಟಡ ನೋಡಿ ಆರಿಸಿಕೊಳ್ಳುವ ಅವಕಾಶ ಇಡಬೇಕು.